ಮರಿ ಕೊಟ್ಟ ಕುರಿ

ಸೋನವ್ವನ ಎಡಗಡೆಯ ಜಡೆ ಹೆಣೆದು ಕೆಂಪು ರಿಬ್ಬನ್ನು ಕಟ್ಟಿ ಮುಗಿದಿತ್ತು. ಬಲಗಡೆಯ ಕೂದಲಿಗೆ ಸೀರಣಿಗೆ ಹಾಕಿ ಚಂದ್ರಭಾಗಾ ಇನ್ನೇನು ಒಂದು ಹೇನು ಹಿಡಿದಳು ಅನ್ನುವಷ್ಟರಲ್ಲಿ ಚಾಳಿನ ಬಾಗಿಲಲ್ಲಿ ಟಪಾಲಿನವನ ಸೈಕಲ್ ಗಂಟೆ ಕೇಳಿಸಿತು.

"ಬಾಯೀ, ತುಮಚಂ ಕಾನಡಿ ಪಾಕೀಟ! ಪರತ ಆಲಂ!"

ಪಾಕೀಟು ವಾಪಸು ಬಂದ ಸುದ್ದಿ ಹೀಗೆ ಹದಿನಾರು ಖೋಲಿಗಳಿಗೂ ಒಂದೇ ಸಲ ತಲುಪಿತು. ಚಂದ್ರಭಾಗಾ ಸೀರಣಿಗೆಯನ್ನು ಮಗಳ ಕೂದಲಲ್ಲೇ ಸಿಕ್ಕಿಸಿ ಎದ್ದಳು. ತೊಟ್ಟಿಲಲ್ಲಿದ್ದ ನಾಲ್ಕು ತಿಂಗಳ ನಿಂಗಣ್ಣ ಎಚ್ಚರಾಗಿ ರಾಗ ತೆಗೆದ. ಒಲೆಯ ಮೇಲೆ ಹಾಲಿಲ್ಲದ ಚಹಾ ಉಕ್ಕಿತು. ಬೆಳಗಿನ ಎಂಟು ಗಂಟೆಗೇ ಅವಳಿಗೆ ಸಂಜೆಯಷ್ಟು ದಣಿವು.

ಟಪಾಲಿನವ ನಕ್ಕು ಕನ್ನಡಕ್ಕೆ ತಿರುಗಿದ. "ಸೋಲಾಪುರ ಯಾವ ಪ್ರಾಂತಕ್ಕ ಹೋಗತದೋ ಇನ್ನಾ ಗೊತ್ತಿಲ್ಲ ಬಾಯಿ. ಅಲ್ಲಿತನಾ ಕನ್ನಡದಾಗ ಬರೀತಾ ಇರ್ರಿ."

ಕೈ ಒರೆಸಿಕೊಂಡು ಪಾಕೀಟು ಒಡೆದಳು. ಅವಳೇ ಕಳಿಸಿದ ಕಥೆ, ಮೇಲೊಂದು ಸಣ್ಣ ಕಾಗದ. ಮಾಸಪತ್ರಿಕೆಯ ಸಂಪಾದಕರ ಅಕ್ಷರ ಇರುವೆ ಸಾಲಿನಂತೆ ಹೊರಟಿತ್ತು.

'ಸೌ. ಚಂದ್ರಭಾಗಾಬಾಯಿಯವರಿಗೆ ವಂದನೆಗಳು. ತಮ್ಮ "ಪಾಳಿ" ಕಥೆ ಓದಿದೆ. ಮುಂದೆ ಬರಬಹುದಾದ ಕೆಟ್ಟ ಕಾಲವನ್ನು ಕಲ್ಪಿಸಿ ನಮ್ಮ ಹೆಣ್ಣುಮಕ್ಕಳು ಬರೆದದ್ದನ್ನು ನಾನು ಈವರೆಗೆ ಕಂಡಿಲ್ಲ. ಆದರೆ ನಂಬಿಕೆ ಬರುವುದಿಲ್ಲ. ಊರಿಗೆ ಊರೇ ತನ್ನ ಮಕ್ಕಳನ್ನು ಕೊಟ್ಟುಬಿಡುತ್ತದೆ, ಒಬ್ಬ ತಾಯಿಯೂ ಬಾಯಿ ತೆರೆಯುವುದಿಲ್ಲ ಎಂದು ಬರೆದಿದ್ದೀರಿ. ಯಾಕೆ ತೆರೆಯುವುದಿಲ್ಲ? ಬಂದೂಕಿಗೆ ಅಂಜಿ ಎಂದರೆ ಓದುವವರು ಒಪ್ಪಲಾರರು. ಇದೊಂದನ್ನು ಸರಿಪಡಿಸಿ ಹದಿನೈದು ದಿನದೊಳಗೆ ಕಳಿಸಿದರೆ ದೀಪಾವಳಿ ಸಂಚಿಕೆಗೆ ತೆಗೆದುಕೊಳ್ಳುತ್ತೇವೆ.'

ಎರಡು ಸಲ ಓದಿದಳು. ಮೂರನೆಯ ಸಲಕ್ಕೆ ನಿಂಗಣ್ಣ ಬಿಡಲಿಲ್ಲ. ಎತ್ತಿಕೊಂಡು ಎದೆಗೆ ಹಚ್ಚಿದರೆ ನಾಲ್ಕು ಗುಟುಕಿಗೆ ಹಾಲು ನಿಂತಿತು. ಕೂಸು ಮತ್ತೆ ಅತ್ತಿತು. ಸೋನವ್ವ ಒಂದು ಜಡೆ, ಒಂದು ಸೀರಣಿಗೆ ಹೊತ್ತುಕೊಂಡು ಸಾಲೆಯ ಪಾಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಅವ್ವಾ, ಸಾಲಿಗಿ ಹೊತ್ತಾತು."

"ಬಂದೆ ನನ್ನವ್ವ, ಬಂದೆ."

ಆ ಕಥೆ ಹುಟ್ಟಿದ್ದು ಬಟ್ಟೆ ಗಿರಣಿಯ ಬಾಗಿಲಲ್ಲಿ. ಗಂಡ ಬೀರಣ್ಣ ಮಗ್ಗದ ಖಾತೆಯಲ್ಲಿದ್ದ. ಬಸಿರಿದ್ದಾಗ ಒಂದು ದಿನ ಅವನಿಗೆ ಬುತ್ತಿ ಒಯ್ದವಳು ಪಾಳಿ ಬದಲಾಗುವುದನ್ನು ಕಂಡಳು. ಭೋಂಗಾ, ಗಿರಣಿಯ ಸೈರನ್ನು, ಕೂಗಿತು. ಒಬ್ಬ ಮಗ್ಗ ಬಿಟ್ಟ, ಇನ್ನೊಬ್ಬ ಹಿಡಿದ. ಮಗ್ಗ ಮಾತ್ರ ನಿಲ್ಲಲಿಲ್ಲ. ಯಾರ ಕೈ ಅಂತ ಅದು ಕೇಳಲಿಲ್ಲ. ಮಕ್ಕಳೂ ಹೀಗೆ ಆದರೆ? ಆ ವಿಚಾರ ಅವಳ ತಲೆಯಲ್ಲಿ ಕೂತುಬಿಟ್ಟಿತು. ಐವತ್ತು ವರುಷದಾಚೆ ಒಂದು ಊರು. ಅಲ್ಲಿ ವರುಷಕ್ಕೊಮ್ಮೆ ದೊಡ್ಡ ಭೋಂಗಾ ಕೂಗುತ್ತದೆ. ಅಂದು ಪ್ರತಿ ಮನೆಯೂ ತನ್ನ ಕೂಸನ್ನು ಮುಂದಿನ ಮನೆಗೆ ಕೊಡಬೇಕು, ಹಿಂದಿನ ಮನೆಯ ಕೂಸನ್ನು ತೆಗೆದುಕೊಳ್ಳಬೇಕು. ನನ್ನದು ಅನ್ನುವ ಮಾತೇ ಊರಲ್ಲಿ ಉಳಿಯಬಾರದೆಂದು ದೊರೆಯ ಹುಕುಂ. ಅಕ್ಕಲಕೋಟೆಯ ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವಳು ಅವಳು. ರೊಟ್ಟಿ ಬಡಿಯುತ್ತ ಎರಡು ಸಾಲು, ಬಟ್ಟೆ ಹಿಂಡುತ್ತ ಎರಡು ಸಾಲು ಮನಸ್ಸಿನಲ್ಲೇ ಕೂಡಿಸಿ, ಕೂಸು ಮಲಗಿದಾಗ ಮಗಳು ಸೋನಿಯ ಹಳೇ ವಹಿಯ ಹಾಳೆಗಳಲ್ಲಿ ಬರೆದಿದ್ದಳು. ಕರಿ ಕೋಟಿನ ದೊರೆ, ಬಂದೂಕಿನ ಸಿಪಾಯಿಗಳು, ಕಬ್ಬಿಣದ ಬಾಗಿಲುಗಳು ಎಲ್ಲ ಇದ್ದವು. ನಂಬಿಕೆ ಒಂದು ಇರಲಿಲ್ಲ, ಅಷ್ಟೆ.

ಕಾಗದವನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿದಳು. ಅಲ್ಲಿ ಆಗಲೇ ಇನ್ನೊಂದು ಕಾಗದ ಇತ್ತು, ಮೈಂದರ್ಗಿಯಿಂದ ಬಂದದ್ದು.

ಬೀರಣ್ಣನ ಅಕ್ಕ ಸಕ್ಕುಬಾಯಿಯನ್ನು ಮೈಂದರ್ಗಿಗೆ ಕೊಟ್ಟಿತ್ತು. ಅವಳಿಗೆ ಒಬ್ಬಳೇ ಮಗಳು, ಗಂಗು. ಸೋನಿಗಿಂತ ಮೂರು ತಿಂಗಳು ದೊಡ್ಡವಳು. ಹೋದ ಜ್ಯೇಷ್ಠದಲ್ಲಿ ಜ್ವರ ಬಂದು ಹನ್ನೊಂದು ದಿನಕ್ಕೆ ಹೋಗಿಬಿಟ್ಟಳು. ಅಂದಿನಿಂದ ಸಕ್ಕುಬಾಯಿ ಒಂದು ಹೊತ್ತು ಉಂಡರೆ ಉಂಡಳು, ಇಲ್ಲದಿದ್ದರೆ ಇಲ್ಲ. ನಾಗರಪಂಚಮಿಗೆ ಹೋದ ಬೀರಣ್ಣ ಅಕ್ಕನ ಮುಖ ನೋಡಿ ಬಂದು ಹೇಳಿದ್ದ: "ಸೋನೀನ ಸಂಕ್ರಮಣದ ತನಾ ಅಕ್ಕನ ಕಡಿ ಇಡೋಣು. ಅಕ್ಕನ ಜೀವಕ್ಕ ಒಂದಿಷ್ಟು ಆಸರ ಆಗತದ. ಅಲ್ಲಿ ಕನ್ನಡ ಸಾಲಿ ಅದ. ನಿನಗೂ ಎರಡು ಮಕ್ಕಳು ನೀಗಂಗಿಲ್ಲ. ನಿನ್ನ ಮಾರಿ ನೋಡ್ಕೋ, ಸುಣ್ಣ ಬಡದಂಗ ಆಗ್ಯದ."

ಯಾರ ಮಾತಿನಲ್ಲೂ ತಪ್ಪು ಹಿಡಿಯುವಂತಿರಲಿಲ್ಲ. ಮೈಯಲ್ಲಿ ರಕ್ತವಿಲ್ಲವೆಂದು ಡಾಕ್ಟರು ಹೇಳಿದ್ದರು. ಖೋಲಿ ಒಂದೇ. ಚಂದ್ರಭಾಗಾ ಹೂಂ ಅಂದಿದ್ದಳು. ಮಾವ ಪೀರಪ್ಪ ಶನಿವಾರ ಬರುವವನಿದ್ದ, ಸೋಮವಾರ ಸೋನಿಯನ್ನು ಒಯ್ಯುವುದೆಂದು ಮೈಂದರ್ಗಿಯ ಆ ಕಾಗದದಲ್ಲಿ ಬಂದಿತ್ತು. ಸಂಕ್ರಮಣವಾದ ಮೇಲೆ ಮಗುವನ್ನು ವಾಪಸು ಕೇಳುವ ಧೈರ್ಯ ಯಾರಿಗಿದೆ ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಸೋನಿಯನ್ನಂತೂ ಯಾರೂ ಕೇಳಿರಲಿಲ್ಲ. ಏಳು ವರುಷದ ಹುಡುಗಿ, ಕೇಳುವುದೇನು?

ಮಧ್ಯಾಹ್ನ ನಿಂಗಣ್ಣ ಮಲಗಿದ ಮೇಲೆ ಅವಳು ಕಥೆ ಹಿಡಿದು ಹೊರಗೆ ಬಂದಳು. ಪಡಸಾಲೆಯ ನೆರಳಿನಲ್ಲಿ ನೆರೆಯ ಖೋಲಿಗಳ ಹಿರಾಬಾಯಿ, ಭಾಗಾಬಾಯಿ ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಇಬ್ಬರಿಗೂ ಓದು ಬರಹ ಬಾರದು. ಆದರೆ ಇಡೀ ದಿನ ಕೈ ಕೆಲಸದಲ್ಲಿದ್ದು ಕಿವಿ ಖಾಲಿ ಇರುವವರು ಅವರು. ಅಂಥವರ ಕಿವಿಗಿಂತ ದೊಡ್ಡ ಪರೀಕ್ಷೆ ಇಲ್ಲ.

ಓದಿದಳು. ಸಿಪಾಯಿಗಳು ಬಂದೂಕು ಏರಿಸಿ ಬಾಗಿಲು ಬಡಿಯುವಲ್ಲಿಗೆ ಬಂದಾಗ ಹಿರಾಬಾಯಿ ದಾರವನ್ನು ಹಲ್ಲಿನಲ್ಲಿ ಕಡಿದು ಉಗುಳಿದಳು.

"ಬಂದೂಕ ಹಿಡದು ಬಂದ್ರ ಮಕ್ಕಳನ ಕೊಡ್ತಾರಾ? ಯಾವ ಊರಾಗ? ದೇವಿ ಬ್ಯಾನಿ ಬರಬಾರ್ದಂತ ಸೂಜಿ ಹಾಕವ್ರು ಊರಿಗಿ ಬಂದಾಗ ನಾ ನನ್ನ ಮಗನ್ನ ಜ್ವಾಳದ ಕಣಜದಾಗ ಇಳಿಸಿ ಮುಚ್ಚಿದ್ದೆ. ಸೂಜಿ ಹಿಡದವ್ರಿಗೇ ಕೊಡಲಿಲ್ಲ, ಬಂದೂಕಿನವ್ರಿಗಿ ಕೊಡ್ತೀನಿ?"

"ಮಗ ಕಣಜದಾಗೇ ಮಲಗಿಬಿಟ್ಟ, ನೀ ಎಲ್ಲಿ ಇಟ್ಟೀನಂತ ಮರತು ಸಂಜಿತನಾ ಊರ ತುಂಬ ಅಳಕೋತ ಹುಡುಕಿದಿ. ಅದೂ ಹೇಳು," ಅಂದಳು ಭಾಗಾಬಾಯಿ.

"ನೀ ಸುಮ್ಕಿರ. ಕೇಳ ಚಂದ್ರಕ್ಕಾ. ಆಮ್ಯಾಲ ಸಾಲ್ಯಾಗ ಹಾಲಿನ ಪುಡಿ ಕೊಡ್ತಾರಂದ್ರು. ಅದೇ ಮಗನ್ನ ನಾನೇ ಮಾರಿ ತೊಳದು, ಕೈ ಹಿಡದು ಸಾಲಿನಾಗ ನಿಲ್ಲಿಸಿ ಬಂದೆ. ಯಾರು ಕೊಡ್ತಾರ, ಯಾಕ ಕೊಡ್ತಾರ, ಒಂದ ಮಾತ ಕೇಳಿದ್ನೇನು?"

"ಹಂಗಾರ ಬಂದೂಕ ತಗೀಲಿ?"

"ತಗಿ. ಆ ಕರಿ ಕೋಟಿನವನ್ನೂ ತಗಿ. ಅಂಥವನ್ನ ನಾಟಕದಾಗ ನೋಡೀವಿ, ಪರದೆ ಹಿಂದ ಬೀಡಿ ಸೇದಕೋತ ಕೂತಿರ್ತಾನ. ಅವಂಗೆ ಯಾರು ಅಂಜತಾರ?"

ಬಂದೂಕು ತೆಗೆದಳು. ದೊರೆಯನ್ನು ತೆಗೆದಳು. ತೆಗೆದ ಮೇಲೆ ಕಥೆ ಕಾಲು ಮುರಿದ ಮಂಚದಂತಾಯಿತು. ಬಂದೂಕಿಲ್ಲದಿದ್ದರೆ ತಾಯಂದಿರು ಯಾಕೆ ಕೊಡುತ್ತಾರೆ? ಕೊಡದವರಿಗೆ ಜೋಳ ಸಿಗುವುದಿಲ್ಲ ಎಂದು ಬರೆದಳು. ಜೋಳಕ್ಕಾಗಿ ಮಗು ಕೊಟ್ಟವಳನ್ನು ಯಾರೂ ಕ್ಷಮಿಸುವುದಿಲ್ಲ ಅನ್ನಿಸಿ ಹೊಡೆದು ಹಾಕಿದಳು. ದೇವರ ಶಾಪ ಎಂದು ಬರೆದಳು. ಅದನ್ನೂ ಹೊಡೆದಳು. ಮೂರು ದಿನ ಹೀಗೆ ಹೋಯಿತು. ತೂತಿನ ಕೊಡವನ್ನು ಒಂದು ಕಡೆ ಮೆತ್ತಿದರೆ ಇನ್ನೊಂದು ಕಡೆ ಸೋರುತ್ತಿತ್ತು.

ಶನಿವಾರ ಬಿಸಿಲೇರುವ ಹೊತ್ತಿಗೆ ಪೀರಪ್ಪ ಬಂದ. ಕುರನೂರಿನ ಬೋರಿ ಹೊಳೆಯ ದಂಡೆಯಲ್ಲಿ ಕುರಿ ಮೇಯಿಸಿಕೊಂಡಿದ್ದ ಮುದುಕ, ಮೈಂದರ್ಗಿಗೆ ಹೋಗಿ ಮಗಳನ್ನು ನೋಡಿಕೊಂಡೇ ಇಲ್ಲಿಗೆ ಬಂದಿದ್ದ. ಹೆಗಲ ಕಂಬಳಿ ತೆಗೆದು ಗೋಡೆಗೆ ಒರಗಿಸಿ, ಹಣೆಯ ಭಂಡಾರ ಬೆವರಿಗೆ ಇಳಿದಿದ್ದನ್ನು ಒರೆಸಿಕೊಂಡು, ಒಂದು ಗಂಟು ಮುಂದಿಟ್ಟ.

"ಸಕ್ಕು ಕೊಟ್ಟಾಳ. ಬಿಚ್ಚವ್ವಾ ಚಂದ್ರವ್ವ."

ಗಂಟಿನಲ್ಲಿ ಶೇಂಗಾ, ಒಂದು ಅಚ್ಚು ಬೆಲ್ಲ. ಕೆಳಗೆ ಮಡಿಚಿಟ್ಟ ಹಸಿರು ಪರಕಾರ, ಹಳದಿ ಅಂಚಿನ ಲಂಗ, ಮೇಲೊಂದು ಪೋಲಕಾ.

"ಗಂಗೂಂದು," ಅಂದ ಪೀರಪ್ಪ. "ಪಂಚಮಿಗಿ ಅಂತ ಹೊಲಿಸಿದ್ಲು. ಹಬ್ಬದ ತನಾ ತಡೀಲಿಲ್ಲ ಕೂಸು, ಎರಡ ಸಲ ಉಟಕೊಂಡು ಓಣಿ ತುಂಬ ತಿರಗಿತ್ತು. ಆಮ್ಯಾಲ ಮಲಗಿತು. ಇದನ್ನ ಉಡಿಸೇ ಕಳಸ್ರಿ ಅಂದಾಳ. ಒಗಿಬ್ಯಾಡ ಅಂತನೂ ಅಂದಾಳ."

ಚಂದ್ರಭಾಗಾ ಪರಕಾರವನ್ನು ಎತ್ತಿದಳು. ಒಗೆಯದ ಬಟ್ಟೆಯಲ್ಲಿ ಕೊಬ್ಬರಿ ಎಣ್ಣೆಯ, ಬೆವರಿನ, ಮಣ್ಣಿನ ವಾಸನೆ ಇತ್ತು. ಓಡಾಡಿ ದಣಿದ ಮಕ್ಕಳ ವಾಸನೆ. ಸೋನಿಯದಲ್ಲ.

"ಹೊಸಾದೇ ಅದ," ಅಂದ ಬೀರಣ್ಣ, ಪಾಳಿ ಮುಗಿಸಿ ಬಂದು ಮುಖ ತೊಳೆಯುತ್ತ. "ಛಲೋ ಆತು, ನಾವು ಹೊಸಾದು ತರೂದು ಉಳೀತು."

ಉಡಿಸಿ ನೋಡಿದರು. ಅಳತೆ ತೆಗೆದು ಹೊಲಿದಂತೆ ಕೂತಿತು. ನಾಲ್ಕು ಬೆರಳು ಉದ್ದ, ಅಷ್ಟೇ. ಸೋನಿ ಕೈ ಎರಡೂ ಮೈಗೆ ತಾಕದಂತೆ ದೂರ ಹಿಡಿದು ನಿಂತಳು.

"ಮುತ್ಯಾ, ಈಸಲ ಎಷ್ಟು ಮರಿ ಆದುವು?" ಎಂದು ಕೇಳಿದಳು. ಅಜ್ಜ ಬಂದಾಗಲೆಲ್ಲ ಅವಳು ಕೇಳುವ ಮೊದಲ ಮಾತು ಅದು.

ಕುರಿಯ ಮಾತು ಬಂದರೆ ಪೀರಪ್ಪನಿಗೆ ದಾರಿಯ ದಣಿವು ನೆನಪಿರುತ್ತಿರಲಿಲ್ಲ. "ಹದಿಮೂರು ಆದುವು. ಒಂದು ಸತ್ತು ಹನ್ನೆರಡು ಉಳದುವು. ಒಂದ ಕುರಿ ಎರಡ ಹಾಕ್ತು, ಕೇಳ ಮಗಳ. ಬಡಕಲ ಕುರಿ, ಎರಡಕ್ಕ ಹಾಲು ಸಾಲಂಗಿಲ್ಲ. ಈ ಕಡಿ ಇನ್ನೊಂದು ದಪ್ಪನ ಕುರಿ, ಕೆಚ್ಚಲ ತುಂಬ ಹಾಲು, ಮರಿ ನೋಡಿದ್ರ ಸತ್ತು ಬಿದ್ದಿತ್ತು. ಹಾಲಿನವ್ವ ಇಲ್ಲಿ, ಹಸದ ಮರಿ ಅಲ್ಲಿ. ಏನ ಮಾಡ್ತಿ?"

"ಆ ಮರೀನ ಈ ಕುರಿಗಿ ಬಿಡಬೇಕು."

"ಬಿಟ್ಟೆ. ಮೂಸಿ ನೋಡಿ ಒದ್ದ ಒಗೀತು. ಮತ್ತ ಬಿಟ್ಟೆ, ಹಾಯಾಕ ಬಂತು. ಕುರಿಗಿ ಕಣ್ಣ ಮ್ಯಾಲ ನಂಬಿಗಿ ಇಲ್ಲವ್ವಾ, ಮೂಗಿನ ಮ್ಯಾಲ ಇರತದ. ಬಡಿಗಿ ತಗೊಂಡು ಹೊಡದ್ರೂ ಅದು ಮಲಿ ಕೊಡಂಗಿಲ್ಲ. ಅದಕ್ಕ ನಮ್ಮ ಹಿರೇರು ಒಂದ ಯುಕ್ತಿ ಮಾಡ್ಯಾರ. ಸತ್ತ ಮರೀದು ತೊಗಲ ಬಿಡಿಸಿ, ಅಂಗಿ ತೊಡಿಸಿದಂಗ ಈ ಮರಿಗಿ ತೊಡಿಸಿಬಿಡೂದು. ಆಮ್ಯಾಲ ಒಯ್ದು ಬಿಟ್ಟೆ ನೋಡು. ಮೂಸಿತು. ಇನ್ನೊಮ್ಮಿ ಮೂಸಿತು. ಬಾಲದ ಬುಡ ಮೂಸಿತು. ಸುಮ್ನ ನಿಂತ ಕುಡಿಸಿತು! ಮೂರ್ನಾಕ ದಿನ ಹಂಗ ಬಿಡೂದು. ಅದರ ಹಾಲ ಕುಡದ ಮ್ಯಾಲ ಮರಿಗಿ ಅದರದೇ ವಾಸನಿ ಬರತದ. ಆಗ ತೊಗಲ ತಗದ್ರಾತು."

ಸೋನಿ ಪರಕಾರದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. "ಮುತ್ಯಾ, ಮತ್ತ ಆ..." ಎಂದಳು.

"ಏನವ್ವಾ?"

"ಏನಿಲ್ಲ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಚಂದ್ರಭಾಗಾಳ ಕೈ ನಿಂತಿತ್ತು. ಬಡಿಗೆಯಿಂದ ಆಗದ್ದು ವಾಸನೆಯಿಂದ ಆಯಿತು! ಮೂರು ದಿನದಿಂದ ತಾನು ಹುಡುಕುತ್ತಿದ್ದುದು ಇದೇ ಅಲ್ಲವೇ? ಓದುವವರು ಮೊದಲು ಮೂಸಿ ನೋಡುತ್ತಾರೆ. ಬಂದೂಕಿಗೆ, ಕರಿ ಕೋಟಿಗೆ ಯಾರ ಮನೆಯ ವಾಸನೆಯೂ ಇಲ್ಲ. ಒದ್ದು ಒಗೆಯದೆ ಏನು ಮಾಡುತ್ತಾರೆ? ಹೊರಗಿನಿಂದ ತಂದ ಕಥೆಗೆ ಅವರ ಮನೆಯದೇ ಅಂಗಿ ತೊಡಿಸಬೇಕು. ಒಲೆ, ರೊಟ್ಟಿ, ಎಣ್ಣೆ, ಹೆಣೆದ ಜಡೆ. ಆಗ ಸುಮ್ಮನೆ ನಿಂತು ಕುಡಿಸುತ್ತಾರೆ.

ತವೆಯ ಮೇಲಿನ ರೊಟ್ಟಿ ಕರಿಯಾಯಿತು. "ಚಂದ್ರವ್ವಾ, ಸುಟ್ಟ ವಾಸನಿ ಬರಾಕತ್ತದ," ಅಂದ ಮಾವ. ಅವಳು ಅದನ್ನು ತೆಗೆದು ತನ್ನ ತಾಟಿಗೆ ಹಾಕಿಕೊಂಡಳು.

ಅಂದು ಮಧ್ಯಾಹ್ನವೇ ಕೂತಳು. ಈ ಸಲ ಬರೆಯಲು ದೂರ ಹೋಗಬೇಕಾಗಲಿಲ್ಲ. ಐವತ್ತು ವರುಷದಾಚೆಯ ಊರಿನಲ್ಲಿ ಸಿಪಾಯಿಗಳಿಲ್ಲ. ಭೋಂಗಾ ಕೂಗುವ ಮುಂಚಿನ ಸಂಜೆ ಒಬ್ಬ ತಾಯಿ ಮಗಳ ಬುತ್ತಿ ಕಟ್ಟುತ್ತಾಳೆ. ಆ ಮನೆಯವರಿಗೆ ಖಾರ ಹೆಚ್ಚು, ಇವಳಿಗೆ ಆಗುವುದಿಲ್ಲ, ಹೇಳಿ ಕಳಿಸಬೇಕು ಎಂದುಕೊಳ್ಳುತ್ತಾಳೆ. ರೊಟ್ಟಿ ಎಂಟು ಸಾಕೋ ಹತ್ತು ಬೇಕೋ ಎಂದು ಯೋಚಿಸುತ್ತಾಳೆ. ಮುಂದಿನ ಮನೆಯಿಂದ ಹಿಂದಿನ ಪಾಳಿಯ ಕೂಸಿನ ಬಟ್ಟೆ ಬಂದಿರುತ್ತದೆ, ಒಗೆಯಬೇಡಿ ಎಂಬ ಮಾತಿನೊಂದಿಗೆ. ಉಡಿಸಿ ನೋಡುತ್ತಾಳೆ. ನಾಲ್ಕು ಬೆರಳು ಉದ್ದ. ಇರಲಿ, ಬೆಳೆಯುವ ಮಗು, ಅನ್ನುತ್ತಾಳೆ. ಗಂಡ ಒಳ್ಳೆಯವ. ಆ ಮನೆಯವರೂ ಒಳ್ಳೆಯವರು. ಸಾಲೆ ಹತ್ತಿರವಿದೆ. ಯಾರ ಮಾತಿನಲ್ಲೂ ತಪ್ಪಿಲ್ಲ. ಅವಳಿಗೆ ದಣಿವಾಗಿದೆ. ಎಷ್ಟು ದಣಿವೆಂದರೆ, ಬೇಡ ಅನ್ನಬೇಕಾದರೂ ಮೊದಲು ಒಂದಿಷ್ಟು ಕೂತು ಸುಧಾರಿಸಿಕೊಳ್ಳಬೇಕು. ಕೂರುವಷ್ಟರಲ್ಲಿ ಕೂಸು ಅಳುತ್ತದೆ, ಹಾಲು ಉಕ್ಕುತ್ತದೆ, ಭೋಂಗಾ ಕೂಗುತ್ತದೆ.

ಬರೆಯುತ್ತ ಹೋದಂತೆ ಸಾಲುಗಳು ತಾವೇ ಬಂದವು. ಎಷ್ಟೋ ದಿನದ ಮೇಲೆ ಅವಳಿಗೆ ಒಂದಿಷ್ಟು ಹಗುರಾಯಿತು. ಎಳೆ ಎಳೆಯಾಗಿ ಬಿಚ್ಚಿಕೊಂಡಿದ್ದ ದಾರ ಒಮ್ಮೆಗೇ ಸೂಜಿಯ ಕಣ್ಣಿಗೆ ಹೋದಾಗ ಆಗುವ ಸುಖ, ಅಷ್ಟೇ. ಆ ಬುತ್ತಿ ಯಾರದು, ಆ ಪರಕಾರ ಯಾರದು ಎಂದು ನಿಂತು ನೋಡುವ ಪುರುಸೊತ್ತು ಇರಲಿಲ್ಲ. ಮಗ್ಗುಲಲ್ಲಿ ಸೋನಿ ಪೆನ್ಸಿಲು ಚೂಪು ಮಾಡಿ ಮಾಡಿ ಕೊಟ್ಟಳು.

ರವಿವಾರ ಮಧ್ಯಾಹ್ನ ಹಿರಾಬಾಯಿ ಭಾಗಾಬಾಯಿಯರ ಮುಂದೆ ಮತ್ತೆ ಓದಿದಳು. ಸೋನಿ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡು ಕಂಬಕ್ಕೆ ಒರಗಿ ನಿಂತಿದ್ದಳು.

ಮೊದಲು ಬೀಡಿ ಎಲೆ ಕತ್ತರಿಸುವ ಸಪ್ಪಳ ಕೇಳುತ್ತಿತ್ತು. ಬುತ್ತಿ ಕಟ್ಟುವಲ್ಲಿಗೆ ಬಂದಾಗ ಭಾಗಾಬಾಯಿಯ ಕತ್ತರಿ ನಿಂತಿತು. ನಾಲ್ಕು ಬೆರಳು ಉದ್ದದ ಬಟ್ಟೆಗೆ ಬಂದಾಗ ಹಿರಾಬಾಯಿ ಕೈಯಲ್ಲಿದ್ದ ಬೀಡಿಗೆ ದಾರ ಸುತ್ತುವುದನ್ನು ಮರೆತಳು. ಎಲೆ ಬಿಚ್ಚಿಕೊಂಡು ತಂಬಾಕು ಮೊರಕ್ಕೆ ಸುರಿಯಿತು. ಕಥೆ ಮುಗಿಯಿತು. ಭಾಗಾಬಾಯಿ ಅಂಗಳದಲ್ಲಿ ಗೋಲಿ ಆಡುತ್ತಿದ್ದ ತನ್ನ ಮಗನನ್ನು ಸುಮ್ಮನೆ ಒಮ್ಮೆ ಕರೆದಳು. ಅವನು "ಏನು?" ಅಂದ. "ಏನಿಲ್ಲ, ಆಡು," ಅಂದಳು.

"ಇದು ಯಾವ ಊರು ಅಂದಿ?" ಹಿರಾಬಾಯಿ ಕೇಳಿದಳು.

"ಯಾವ ಊರೂ ಅಲ್ಲ. ಮುಂದ ಎಂದೋ ಬರೂ ಊರು."

"ಸುಳ್ಳ ಹೇಳಬ್ಯಾಡ. ಇದು ನಮ್ಮ ಚಾಳ."

"ನಂಬಿಗಿ ಬಂತಿಲ್ಲೋ?"

"ಬಂತವ್ವಾ, ಬಂತು. ಯಾಕರ ಬಂತೋ ಅನಸಾಕತ್ತದ." ಅವಳು ತಂಬಾಕನ್ನು ಬೆರಳಿಂದ ಒಟ್ಟು ಮಾಡಿದಳು. ಆಮೇಲೆ ಕಂಬದ ಕಡೆ ನೋಡಿ ದನಿ ಇಳಿಸಿ ಕೇಳಿದಳು: "ಸೋನಿ ಯಾವಾಗ ಹೊಂಟಾಳ?"

"ನಾಳಿಗಿ."

ಹಿರಾಬಾಯಿ ಮೊರ ಬದಿಗಿಟ್ಟಳು. ಸೆರಗಿನ ಗಂಟು ಬಿಚ್ಚಿ ಎರಡು ಪೇಪರಮಿಂಟ್ ತೆಗೆದು ಸೋನಿಯ ಕೈಯಲ್ಲಿಟ್ಟಳು.

ಆಗ ಚಂದ್ರಭಾಗಾಳಿಗೆ ಹೊಳೆಯಿತು. ಹಾಳೆಗಳನ್ನು ಮಡಿಚಲು ಹೋದ ಕೈಗೆ ಅವು ಒದ್ದೆ ಬಟ್ಟೆಯಂತೆ ಭಾರವೆನಿಸಿದವು. ನಾನು ಬರೆದದ್ದು ಏನನ್ನು? ಆದರೆ ಹೊಳೆದದ್ದನ್ನು ಹಿಡಿದು ಕೂರಲು ಆಗಲಿಲ್ಲ. ಕೂಸಿನ ಬಟ್ಟೆ ಒಣಗಿದ್ದವು, ಎತ್ತಬೇಕಿತ್ತು. ನಳದಲ್ಲಿ ನೀರು ಬರುವ ಹೊತ್ತಾಗಿತ್ತು. ಇದು ಕಥೆ, ಅದು ಬೇರೆ, ಎಂದು ತನಗೆ ತಾನೇ ಹೇಳಿಕೊಂಡಳು. ನಾಲ್ಕು ತಿಂಗಳು ಅಂದರೆ ಏನು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋಗುತ್ತದೆ.

"ಅವ್ವಾ," ಅಂದಳು ಸೋನಿ, ಕೊಡದ ಜೊತೆ ನಳದ ತನಕ ಬಂದು. "ಆ ಕಥಿಯಾಗ, ಆ ಹುಡಗೀದು..."

"ಏನು?"

ಸೋನಿ ಪೇಪರಮಿಂಟನ್ನು ಈ ಗಲ್ಲದಿಂದ ಆ ಗಲ್ಲಕ್ಕೆ ಹೊರಳಿಸಿದಳು. "ಏನಿಲ್ಲ."

ಸೋಮವಾರ ಬೆಳಗಿನ ಭೋಂಗಾಕ್ಕೆ ಬೀರಣ್ಣ ಕೆಲಸಕ್ಕೆ ಹೊರಟ. ಹೋಗುವಾಗ ಮಗಳ ತಲೆ ನೇವರಿಸಿ, "ಆತ್ಯಾನ ಮಾತ ಕೇಳು. ಸಂಕ್ರಮಣಕ್ಕ ನಾನೇ ಬರ್ತೀನಿ," ಅಂದ. ಓಣಿ ತಿರುಗುವ ತನಕ ಹಿಂದೆ ನೋಡಲಿಲ್ಲ. ಚಂದ್ರಭಾಗಾ ರೊಟ್ಟಿ ಹತ್ತು ಕಟ್ಟಿದಳು. ಶೇಂಗಾ ಹಿಂಡಿಗೆ ಖಾರ ಕಡಿಮೆ ಹಾಕಿದಳು. ಸೋನಿಯ ಎರಡೂ ಜಡೆ ಹೆಣೆದು, ಹಸಿರು ಪರಕಾರದ ಲಾಡಿ ಕಟ್ಟಿದಳು. ಪ್ರತಿಯೊಂದನ್ನು ಮಾಡುವಾಗಲೂ ಆ ಸಾಲನ್ನು ತಾನು ಆಗಲೇ ಬರೆದಾಗಿದೆ ಎಂಬುದು ನೆನಪಾಗುತ್ತಿತ್ತು.

ಅಕ್ಕಲಕೋಟೆಯ ತನಕ ಮಗಳನ್ನು ಬಿಟ್ಟು ಬರಲು ತಾನೂ ಹೊರಟು, ಮೋಟಾರು ಅಡ್ಡೆಯ ಹತ್ತಿರದ ಕೆಂಪು ಟಪಾಲು ಡಬ್ಬಿಯಲ್ಲಿ ಪಾಕೀಟು ಹಾಕಿದಳು. ಸಂಪಾದಕರಿಗೆ ಮೇಲೊಂದು ಸಾಲು ಬರೆದಿದ್ದಳು: 'ಈಗ ಯಾರೂ ಕಸಿದುಕೊಳ್ಳುವುದಿಲ್ಲ. ಆದ್ದರಿಂದ ಯಾರೂ ಬಾಯಿ ತೆರೆಯುವುದಿಲ್ಲ.' ಪಾಕೀಟು ತಳಕ್ಕೆ ಬಿದ್ದ ಸಪ್ಪಳ ಕೇಳಿಸಿತು.

ಮೋಟಾರಿನಲ್ಲಿ ಪೀರಪ್ಪ ಕಿಟಕಿಗೆ ತಲೆ ಹಚ್ಚಿ ನಿದ್ದೆ ಹೋದ. ನಿಂಗಣ್ಣ ತೊಡೆಯ ಮೇಲೆ. ಸೋನಿ ನಡುವೆ ಸಿಕ್ಕಿಕೊಂಡು ಕೂತು ಹೊರಗೆ ನೋಡುತ್ತಿದ್ದಳು. ಕರಿ ನೆಲ, ಮೊಣಕಾಲುದ್ದ ತೊಗರಿ, ಅಲ್ಲೊಂದು ಇಲ್ಲೊಂದು ಬೇವು. ದೂರದಲ್ಲಿ ಯಾರದೋ ಕುರಿ ಹಿಂಡು ರಸ್ತೆ ದಾಟುತ್ತಿತ್ತು, ಡ್ರೈವರ್ ಹಾರ್ನ್ ಹೊಡೆದು ಬೈದು ನಿಲ್ಲಿಸಿದ. ಹಿಂಡು ಹೋದ ಮೇಲೂ ಒಂದು ಕುರಿ ರಸ್ತೆಯ ನಡುವೆ ನಿಂತು ಹಿಂದಕ್ಕೆ ಮುಖ ಮಾಡಿ ಒದರುತ್ತಲೇ ಇತ್ತು. ಅದರ ಮರಿ ಹಿಂದೆಲ್ಲೋ ಉಳಿದಿತ್ತು. ಕುರಿಗಾರ ಓಡಿಬಂದು ಕಂಕುಳಲ್ಲಿದ್ದ ಮರಿಯನ್ನು ಇಳಿಸಿದ. ಸೋನಿ ಎದ್ದು ನಿಂತು, ಕತ್ತು ಹೊರಳಿಸಿ, ಅದು ಕಾಣುವಷ್ಟು ದೂರ ನೋಡಿದಳು.

ಅಕ್ಕಲಕೋಟೆಯ ಅಡ್ಡೆಯಲ್ಲಿ ಬೇವಿನ ಮರದ ಕೆಳಗೆ ಸಕ್ಕುಬಾಯಿ ಬೆಳಗಿನಿಂದ ಕೂತಿದ್ದಳಂತೆ. ಚಂದ್ರಭಾಗಾಳಿಗೆ ಮೊದಲು ಗುರುತೇ ಸಿಗಲಿಲ್ಲ. ತುಂಬಿದ ಮೈಯ ಹೆಂಗಸು ಸೀರೆ ಸುತ್ತಿದ ಕೋಲಿನಂತಾಗಿದ್ದಳು. ಇಳಿಯುತ್ತಿದ್ದ ಹಸಿರು ಪರಕಾರ ಕಂಡದ್ದೇ ಎದ್ದಳು. ಎರಡು ಹೆಜ್ಜೆ ಓಡಿ ನಿಂತು, ಮತ್ತೆ ಬಂದು ಮಣ್ಣಲ್ಲೇ ಮೊಣಕಾಲೂರಿ ಸೋನಿಯನ್ನು ಅಪ್ಪಿದಳು. ಅವಳು ಅಳಲಿಲ್ಲ. ಮಗುವಿನ ಭುಜಕ್ಕೆ ಮೂಗು ಒತ್ತಿ, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರು ಎಳೆದುಕೊಂಡಳು. ಇನ್ನೊಮ್ಮೆ ಎಳೆದುಕೊಂಡಳು.

ಸೋನಿ ಕಂಬದಂತೆ ನಿಂತಿದ್ದಳು. ಅವಳ ಕಣ್ಣು ಅತ್ತೆಯ ತಲೆಯ ಮೇಲಿನಿಂದ ತಾಯಿಯನ್ನೇ ನೋಡುತ್ತಿದ್ದವು.

"ಊಟ ಮಾಡೀಯೇನು ಯಕ್ಕಾ?" ಚಂದ್ರಭಾಗಾ ಕೇಳಿದಳು.

"ಇವತ್ತ ಉಣ್ತೀನಿ," ಅಂದಳು ಸಕ್ಕುಬಾಯಿ. "ಇಬ್ಬರೂ ಕೂಡಿ ಉಣ್ತೀವಿ." ಆಮೇಲೆ ತಮ್ಮನ ಹೆಂಡತಿಯ ಕೈ ಹಿಡಿದಳು. "ನಿನ್ನ ಋಣ ಹ್ಯಾಂಗ ತೀರಸ್ಲಿ, ಚಂದ್ರವ್ವಾ?"

ಆ ಕೈ ತಣ್ಣಗಿತ್ತು. ಆ ಮುಖದಲ್ಲಿ ನಿಜವಾಗಿಯೂ ಒಂದಿಷ್ಟು ಜೀವ ಬಂದಿತ್ತು. ಇಂಥವಳ ಎದುರಿಗೆ ಏನನ್ನುವುದು? ಮೈಂದರ್ಗಿಯ ಮೋಟಾರು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಕಂಡಕ್ಟರ್ ಬಾಗಿಲು ಬಡಿದು ಕೂಗಿದ: "ಮೈಂದರ್ಗ್ಯಾ, ಮೈಂದರ್ಗಿ! ಚಲಾ, ಚಲಾ!" ಪೀರಪ್ಪ ಗಂಟು ಎತ್ತಿಕೊಂಡು ಮೊದಲು ಹತ್ತಿದ. ಸಕ್ಕುಬಾಯಿ ಸೋನಿಯ ಕೈ ಹಿಡಿದಳು.

"ತಡೀರಿ," ಅಂದಳು ಚಂದ್ರಭಾಗಾ. "ಜಡಿ ಬಿಚ್ಚ್ಯದ."

ಬಲಗಡೆಯ ಜಡೆ ಅಪ್ಪಿಕೊಂಡಾಗ ಸಡಿಲಾಗಿತ್ತು. ನಿಂಗಣ್ಣನನ್ನು ಸಕ್ಕುಬಾಯಿಯ ಕೈಗೆ ಕೊಟ್ಟು, ಸೋನಿಯನ್ನು ತಿರುಗಿಸಿ ನಿಲ್ಲಿಸಿ, ಅಲ್ಲೇ ಕುಕ್ಕರಗಾಲಿನಲ್ಲಿ ಕೂತಳು. ರಿಬ್ಬನ್ನನ್ನು ಹಲ್ಲಿನಲ್ಲಿ ಹಿಡಿದು, ಕೂದಲನ್ನು ಮೂರು ಪಾಲು ಮಾಡಿದಳು. ಒಂದು ಎಳೆ ಮೇಲೆ, ಒಂದು ಕೆಳಗೆ. ನಿಧಾನವಾಗಿ ಹೆಣೆದಳು. ಹೆಣೆದದ್ದನ್ನು ಬಿಚ್ಚಿ ಮತ್ತೆ ಹೆಣೆದಳು. ಕಂಡಕ್ಟರ್ ಇನ್ನೊಮ್ಮೆ ಬಾಗಿಲು ಬಡಿದ.

ಸೋನಿ ಬೆನ್ನು ತಿರುಗಿಸಿಯೇ ನಿಂತಿದ್ದಳು. ಮೂರು ದಿನದಿಂದ ಬಾಯಿಯ ತನಕ ಬಂದು ತಿರುಗಿ ಹೋಗುತ್ತಿದ್ದ ಮಾತು ಈಗ ಬಂತು. ಬೇವಿನ ಕೆಳಗಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಬಂತು.

"ಅವ್ವಾ, ಎರಡ ಮರಿ ಹಾಕಿದ ಕುರಿ ಇತ್ತಲ್ಲ, ಮುತ್ಯಾ ಹೇಳಿದ್ದು. ತನ್ನ ಮರಿ ಒಯ್ಯಾಕ ಬಂದಾಗ ಅದು ಯಾಕ ಒದರಲಿಲ್ಲ?"